ಮಸೂದೆಗೆ ಮಾವನ ಬೆಂಬಲ

ಕುರ್ಚಿಯಲ್ಲಿ ಕೂತವರಿಗೆ ಎದುರು ಮಾತಾಡಬಾರದು. ನನ್ನ ಸೋದರಮಾವ ಕ್ಷೌರದ ಕೆಲಸಕ್ಕೆ ಸೇರಿದಾಗ ಕತ್ತರಿ ಹಿಡಿಯುವುದಕ್ಕಿಂತ ಮೊದಲು ಕಲಿತದ್ದು ಇದನ್ನು. ಕಲಿಸಿದ ಮುದುಕ ಕಾರಣವನ್ನೂ ಹೇಳಿದ್ದನಂತೆ: "ಅವ್ರ ಗಂಟ್ಲ ಹತ್ರ ನಿನ್ ಕೈಯಿರುತ್ತೆ, ಕೈಯಲ್ಲಿ ಬ್ಲೇಡಿರುತ್ತೆ. ಆ ಹೊತ್ತಲ್ಲಿ ನೀನು ಇಲ್ಲ ಅಂದ್ರೆ ಅವ್ರಿಗೆ ಅದು ಬರೀ ಇಲ್ಲ ಅಂತ ಕೇಳಿಸಲ್ಲ ಮಗಾ."

ಮಾವ ಆ ಮಾತನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಅವನ ಅಂಗಡಿಯಲ್ಲಿ ಬೆಳಗ್ಗೆ ಬಂದವರು ರಸ್ತೆ ಅಗಲ ಮಾಡಬೇಕು ಎಂದರೆ ಹೌದು, ಅವರು ಎದ್ದ ಮೇಲೆ ಕೂತವರು ಮರ ಕಡಿಯಬಾರದು ಎಂದರೆ ಅದಕ್ಕೂ ಹೌದು. ಅವನು ಸುಳ್ಳು ಹೇಳುತ್ತಿದ್ದ ಎಂದಲ್ಲ. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟುವುದು, ಬೆಚ್ಚಗಿನ ನೀರಲ್ಲಿ ಬ್ರಷ್ಷು ಅದ್ದುವುದು, ಕೊನೆಗೆ ಕೆನ್ನೆಗೆ ಪಟಿಕ ಉಜ್ಜುವುದು, ಇವುಗಳ ನಡುವೆ ಎಲ್ಲೋ ಒಂದು ಹೌದು ಕೂಡ ಇರುತ್ತಿತ್ತು. ಎದುರಿನ ಚಹಾದಂಗಡಿಯವನು ಅವನಿಗೆ ಹೌದಣ್ಣ ಎಂದು ಹೆಸರಿಟ್ಟಿದ್ದ.

"ಹೌದಣ್ಣ, ನೀನು ತೀರಿಕೊಂಡಿದ್ದೀಯಂತೆ, ನಿಜಾನಾ?" ಎಂದು ಅವನು ರಸ್ತೆಯ ಆಚೆಯಿಂದ ಕೂಗುತ್ತಿದ್ದ.

"ಹೌದು ಕಣಯ್ಯ, ನನಗೂ ಈಗ್ತಾನೆ ಗೊತ್ತಾಯ್ತು. ಬೇಜಾರಿಗೆ ಒಂದ್ ಚಹಾ ಕಳಿಸು," ಎನ್ನುತ್ತಿದ್ದ ಮಾವ.

ಮಾವನಿಗೆ ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ, ಊಟಕ್ಕೆ ನಮ್ಮ ಮನೆ. ಮಧ್ಯಾಹ್ನದ ಡಬ್ಬಿಯನ್ನು ಕಾಲೇಜಿನಿಂದ ಬಂದ ನಾನು ಒಯ್ದು ಕೊಡುತ್ತಿದ್ದೆ. ರಾತ್ರಿ ಅವನೇ ಬಂದು ಅಮ್ಮನ ಎದುರು ಕೂರುತ್ತಿದ್ದ. ಅಮ್ಮ ಅವನಿಗೆ ಅಕ್ಕ ಎನ್ನುವುದು ಹೆಸರಿಗೆ ಮಾತ್ರ. ಹೆತ್ತವರಿಬ್ಬರೂ ಹೋದ ಮೇಲೆ ಅವನ ತಲೆಗೆ ನೀರು ಹಾಕಿದವಳು, ಜ್ವರ ಬಂದಾಗ ಬೆನ್ನಿಗೆ ಒರಗಿಸಿಕೊಂಡವಳು, ಆ ಮುದುಕನ ಅಂಗಡಿಗೆ ಕೈಹಿಡಿದು ಕರೆದೊಯ್ದು ಬಿಟ್ಟವಳು ಅವಳೇ.

ಅಮ್ಮ ಸರ್ಕಾರದ ಮನೆಭೇಟಿ ಆರೈಕೆಯಲ್ಲಿ ಕೆಲಸಕ್ಕಿದ್ದಳು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ, ಬೆನ್ನಿನ ಹುಣ್ಣಿಗೆ ಔಷಧಿ ಹಾಕಿ ಬರುವ ಕೆಲಸ. ಜೋಡಿಯಾಗಿ ಹೋಗುತ್ತಿದ್ದರು, ಏಕೆಂದರೆ ದೊಡ್ಡವರನ್ನು ಒಬ್ಬರೇ ಎತ್ತಲಾಗದು. ಅಮ್ಮನ ಕೈಗೆ ಯಾವಾಗಲೂ ಪೌಡರಿನ ವಾಸನೆ ಇರುತ್ತಿತ್ತು. ಅವಳು ಆ ಕೆಲಸದ ಬಗ್ಗೆ ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಮಾವ ಕೇಳುತ್ತಲೂ ಇರಲಿಲ್ಲ. ಅಕ್ಕ ಬೆಳಗ್ಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ, ಅಷ್ಟು ಗೊತ್ತಿತ್ತು ಅವನಿಗೆ.

ನಮ್ಮ ಶಾಸಕರು ಮಾವನ ಹಳೆಯ ಗಿರಾಕಿ. ಓದುವ ಕಾಲದಿಂದಲೂ ಅವನ ಹತ್ತಿರವೇ ತಲೆ ಕೊಟ್ಟವರು. ಗೆದ್ದು ದೊಡ್ಡ ಊರಿಗೆ ಹೋದ ಮೇಲೂ ಬಂದಾಗಲೆಲ್ಲ ಅಂಗಡಿಗೆ ಬರುತ್ತಿದ್ದರು, ಸರದಿಯಲ್ಲಿ ಬೆಂಚಿನ ಮೇಲೆ ಕೂರುತ್ತಿದ್ದರು. ಆ ಸಲ ಬಂದಾಗ ಅವರ ಮುಖ ಇಳಿದಿತ್ತು. ಖಜಾನೆಯಲ್ಲಿ ಏನೂ ಉಳಿದಿಲ್ಲ, ಖರ್ಚು ಕಡಿಮೆ ಮಾಡುವ ಮಸೂದೆ ತರಬೇಕಾಗಿದೆ, ಆಸ್ಪತ್ರೆ, ಶಾಲೆ, ಕುಡಿಯುವ ನೀರು ಈ ಮೂರನ್ನು ಮುಟ್ಟುವುದಿಲ್ಲ, ಉಳಿದದ್ದರಲ್ಲಿ ಎಲ್ಲೆಲ್ಲಿ ಆಗುತ್ತೋ ಅಲ್ಲೆಲ್ಲ ಕತ್ತರಿ, ಎಂದು ಹೇಳಿದರು.

"ಜನ ಉಗೀತಾರೆ ಅಲ್ವಾ?" ಎಂದು ಕನ್ನಡಿಯಲ್ಲಿ ಮಾವನ ಮುಖ ನೋಡಿ ಕೇಳಿದರು.

ಮಾವ ಅವರ ಕಿವಿಯ ಮಡಿಕೆಯನ್ನು ಬೆರಳಿನಿಂದ ಒತ್ತಿ ಹಿಡಿದು ಅದರ ಹಿಂದಿನ ಕೂದಲನ್ನು ತೆಗೆಯುತ್ತಿದ್ದ. "ಯಾಕ್ ಉಗೀತಾರೆ ಸಾರ್? ಸರಿಯಾಗೇ ಇದೆ. ನಮ್ ಕೆಲ್ಸಾನೂ ಇದೇ ತಾನೆ? ಕೂದ್ಲು ಎಷ್ಟ್ ಬೇಕಾದ್ರೂ ತೆಗೀರಿ, ಕಿವಿಗೆ ತಾಗದಿದ್ರೆ ಆಯ್ತು."

ಶಾಸಕರು ಕುರ್ಚಿ ಅಲ್ಲಾಡುವಷ್ಟು ನಕ್ಕರು. ಮಾವ ಕತ್ತರಿಯನ್ನು ಮೇಲೆತ್ತಿ ಹಿಡಿದು ಅವರ ನಗು ಮುಗಿಯುವವರೆಗೆ ಕಾದ.

ಮುಂದಿನ ವಾರ ಆ ಮಾತು ಸದನದಲ್ಲಿತ್ತು. ಅಂಗಡಿಯ ಟಿವಿಯಲ್ಲಿ ನಾವೆಲ್ಲ ನೋಡಿದೆವು. ಶಾಸಕರು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, "ನನ್ನ ಊರಿನ ಒಬ್ಬ ಕ್ಷೌರಿಕ ಈ ಮಸೂದೆಯನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ವಿವರಿಸಿದ್ದಾನೆ" ಎಂದು ಶುರುಮಾಡಿ, ಕೂದಲು ಕಿವಿಯ ಮಾತನ್ನು ಹೇಳಿದರು. ಎದುರು ಸಾಲಿನವರೂ ನಕ್ಕರು. ರಸ್ತೆಯ ಆಚೆಯಿಂದ ಚಹಾದಂಗಡಿಯವನು ಲೋಟ ಕುಟ್ಟಿ, "ನಮ್ ಹೌದಣ್ಣ ಸರ್ಕಾರ ನಡೆಸ್ತಿದ್ದಾನೆ, ದಾರಿ ಬಿಡ್ರಪ್ಪಾ" ಎಂದ.

ಆ ದಿನಗಳಲ್ಲಿ ಮಾವ ಸ್ವಲ್ಪ ಉದ್ದವಾದಂತೆ ಕಾಣುತ್ತಿದ್ದ. ಬೇರೆ ಬೀದಿಯವರು ಅವನನ್ನು ನೋಡಲೆಂದೇ ಬಂದು ಕ್ಷೌರ ಮಾಡಿಸಿಕೊಂಡು ಹೋದರು. ಇಷ್ಟು ವರ್ಷ ಬೇರೆಯವರ ಅಭಿಪ್ರಾಯಗಳಿಗೆ ತಲೆಯಾಡಿಸಿದವನಿಗೆ ಈಗ ತನ್ನದೇ ಒಂದು ಅಭಿಪ್ರಾಯವಿತ್ತು. ಮಸೂದೆ ಯಾಕೆ ಬೇಕು ಎಂದು ಅವನು ಬೆಂಚಿನವರಿಗೆ ತಿಳಿಹೇಳತೊಡಗಿದ. ಆಸ್ಪತ್ರೆ ಉಳಿಯುತ್ತೆ, ಶಾಲೆ ಉಳಿಯುತ್ತೆ, ನಲ್ಲಿಯಲ್ಲಿ ನೀರು ಬರುತ್ತೆ, ಇನ್ನೇನು ಬೇಕು?

"ಮತ್ತೆ ತೆಗೆಯೋದು ಏನನ್ನ?" ಎಂದು ಒಮ್ಮೆ ದರ್ಜಿ ಕೇಳಿದ.

"ಹೆಚ್ಚಾಗಿ ಬೆಳೆದಿದ್ದನ್ನ," ಎಂದ ಮಾವ. ಬೆಂಚು ನಕ್ಕಿತು. ದರ್ಜಿಯೂ ನಕ್ಕ.

ಅಮ್ಮನಿಗೆ ಸುದ್ದಿ ತಿಳಿದದ್ದು ಕಂಡಕ್ಟರ್ ಅಜ್ಜನ ಮನೆಯಲ್ಲಿ. ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತನಾದ ಆ ಅಜ್ಜನಿಗೆ ಸೊಂಟದ ಕೆಳಗೆ ಜೀವವಿರಲಿಲ್ಲ. ಅಜ್ಜಿ ಒಣಗಿದ ಕಡ್ಡಿಯಂಥವಳು, ಅವನ ಒಂದು ಕಾಲನ್ನು ಎತ್ತಿಡುವುದೂ ಅವಳಿಂದಾಗದು. ಅಮ್ಮ ಅವನ ಬೆನ್ನು ಒರೆಸುತ್ತಿದ್ದಾಗ ಅವಳ ಮೇಲ್ವಿಚಾರಕಿ ಫೋನು ಮಾಡಿದಳು. ಮನೆಭೇಟಿ ಆರೈಕೆ ಆಸ್ಪತ್ರೆಯ ಲೆಕ್ಕಕ್ಕೆ ಬರುವುದಿಲ್ಲವಂತೆ. ಅದು 'ಇತರೆ' ಎಂಬಲ್ಲಿದೆಯಂತೆ. ಮಸೂದೆಗೆ ಕೊನೆಯ ಮತ ಬಿದ್ದರೆ ಈ ಕೆಲಸ ನಿಲ್ಲುತ್ತದಂತೆ.

ಅಜ್ಜನಿಗೆ ಫೋನಿನ ಮಾತು ಕೇಳಿಸಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು, "ನಿನ್ ತಮ್ಮನ್ ಮಾತು ರೇಡಿಯೋದಲ್ಲಿ ಬಂತಲ್ಲಮ್ಮ, ಎಂಥಾ ಬುದ್ಧಿವಂತ" ಎಂದನಂತೆ. ಅಮ್ಮ ಒರೆಸುವುದನ್ನು ನಿಲ್ಲಿಸಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಮಾವ ಇನ್ನೂ ತನ್ನ ಗಿರಾಕಿಗಳ ಕಥೆಯಲ್ಲೇ ಇದ್ದ. ಯಾರೋ ಮೇಷ್ಟ್ರು ಬಂದು ಅವನ ಕೈ ಕುಲುಕಿದ್ದರಂತೆ. ಅಮ್ಮ ಅವನ ತಟ್ಟೆಗೆ ಅನ್ನ ಬಡಿಸಿ, ಅವನು ಮೊದಲ ತುತ್ತು ನುಂಗುವವರೆಗೆ ಕಾದು, ಹೇಳಿದಳು:

"ನಾವು ಕಿವಿ ಅಲ್ವಂತೆ ಕಣೋ."

"ಏನಕ್ಕಾ?"

"ಮನೆಭೇಟಿಯವ್ರು. ನಾವು ಕೂದ್ಲಂತೆ. ಮಸೂದೆ ಪಾಸಾದ್ರೆ ನಮ್ಮನ್ನ ತೆಗೀತಾರೆ."

ಮಾವ ತಟ್ಟೆ ನೋಡಿದ. ಆಮೇಲೆ ನನ್ನನ್ನು ನೋಡಿದ, ನಾನು ಬೇರೇನಾದರೂ ಹೇಳುತ್ತೇನೋ ಎಂಬಂತೆ.

"ನನಗೆ ಗೊತ್ತಿರ್ಲಿಲ್ಲ ಅಕ್ಕಾ."

"ಗೊತ್ತಿರ್ಲಿಲ್ಲ ಅಂತ ನನಗೂ ಗೊತ್ತು. ಊಟ ಮಾಡು, ಆರೋಗುತ್ತೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಅಮ್ಮನಿಗೆ ಬೈಯುವುದು ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಆದರೆ ಅಂದು ಅವಳು ಮಜ್ಜಿಗೆ ಬೇಕಾ ಎಂದು ಮಾತ್ರ ಕೇಳಿದಳು.

ಮರುದಿನದಿಂದ ಮಾವ ಅಂಗಡಿಯ ಟಿವಿ ಹಾಕಲಿಲ್ಲ. ಕೆಟ್ಟಿದೆ ಎಂದ. ಊಟಕ್ಕೆ ಬರುವುದು ತಪ್ಪಿಸಿದ, ಹಸಿವಿಲ್ಲ ಎಂದು ನನ್ನ ಕೈಲಿ ಹೇಳಿ ಕಳಿಸಿದ. ಕ್ಷೌರಿಕನ ಕಷ್ಟವೆಂದರೆ ಅವನು ದಿನವಿಡೀ ಕನ್ನಡಿಯ ಮುಂದೆ ನಿಲ್ಲಬೇಕು. ಮಾವ ಎದುರಿರುವ ತಲೆಯನ್ನು ಬಿಟ್ಟು ಕಣ್ಣು ಮೇಲೆತ್ತದೆ ಕೆಲಸ ಮಾಡುವುದನ್ನು ನಾನು ನೋಡುತ್ತಿದ್ದೆ. ಗಿರಾಕಿಗಳು ಮಾತ್ರ ಬಿಡುತ್ತಿರಲಿಲ್ಲ. "ಹೌದಣ್ಣ, ಕಿವಿ ಜೋಪಾನ" ಎಂದು ನಗುತ್ತ ಕುರ್ಚಿ ಹತ್ತುತ್ತಿದ್ದರು. ಅವನು ಹೌದು ಎನ್ನುತ್ತಿದ್ದ. ಆಗ ಅವನ ಕತ್ತಿನ ಹಿಂಭಾಗ ಕೆಂಪಾಗುತ್ತಿತ್ತು.

ಅಷ್ಟರಲ್ಲಿ ಅಮ್ಮನ ಜೊತೆಯವಳು ಬೇರೆ ಕೆಲಸ ಸಿಕ್ಕಿ ಮೊದಲೇ ಹೋಗಿಬಿಟ್ಟಳು. ಅಮ್ಮ ಒಬ್ಬಳಾದಳು. ಒಂದು ಬೆಳಗ್ಗೆ ಅವಳು ಮಾವನ ಅಂಗಡಿಯ ಬಾಗಿಲಲ್ಲಿ ನಿಂತು, "ಕಂಡಕ್ಟರ್ ಅಜ್ಜನ್ನ ತಿರುಗಿಸ್ಬೇಕು, ಒಂದ್ ಕೈ ಬೇಕು ನನಗೆ. ಬರ್ತೀಯಾ?" ಎಂದಳು. ಮಾವ ಬಾಗಿಲು ಎಳೆದುಕೊಂಡು ಹಿಂದೆ ನಡೆದ. ಔಷಧಿಯ ಚೀಲ ಹಿಡಿದು ನಾನೂ ಹೋದೆ.

ಒಂದೇ ಕೋಣೆ. ಕಿಟಕಿಯ ಕೆಳಗೆ ಕಬ್ಬಿಣದ ಮಂಚ, ಅದರ ಮೇಲೆ ರಬ್ಬರಿನ ಹಾಳೆ, ಹಾಳೆಯ ಮೇಲೆ ಅಜ್ಜ. ಮಾವನನ್ನು ನೋಡಿ ಅವನ ಮುಖ ಅರಳಿತು.

"ಬಾರಪ್ಪ ದೊಡ್ಡ ಮನುಷ್ಯ. ನಾನಂತೂ ಟಿಕೆಟ್ ತಗೊಂಡು ಕೂತಿದ್ದೀನಿ, ಬಸ್ಸೇ ಬರ್ತಿಲ್ಲ."

"ಸುಮ್ನಿರಿ ಅತ್ಲಾಗೆ," ಎಂದಳು ಅಜ್ಜಿ.

ಅಮ್ಮ ಹೇಳಿಕೊಟ್ಟಂತೆ ಮಾವ ಅಜ್ಜನ ಭುಜದ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ತೂರಿಸಿದ. "ಎಳೀಬೇಡ, ಎತ್ತು. ಎಳೆದ್ರೆ ಚರ್ಮ ಕಿತ್ತು ಬರುತ್ತೆ." ತಿರುಗಿಸಿದಾಗ ಬೆನ್ನು ಕಾಣಿಸಿತು. ಸೊಂಟದ ಹತ್ತಿರ ಹುಣ್ಣೊಂದು ವಾಸಿಯಾಗುತ್ತ ಬಂದು ತೆಳುವಾದ ಗುಲಾಬಿ ಚರ್ಮ ಕಟ್ಟಿಕೊಂಡಿತ್ತು. ಅಮ್ಮ ಅದರ ಸುತ್ತ ಬೆರಳಾಡಿಸಿದಳು. "ಇದಕ್ಕೆ ಇಡೀ ಚಳಿಗಾಲ ಹಿಡೀತು" ಎಂದಳು, ಯಾರಿಗೂ ಅಲ್ಲ. ಮಾವ ಅಜ್ಜನ ಭಾರ ಹಿಡಿದು ನಿಂತೇ ಇದ್ದ.

ಹೊರಡುವಾಗ ಅಜ್ಜಿ ಬಾಗಿಲವರೆಗೆ ಬಂದು ಮಾವನ ಮಣಿಕಟ್ಟು ಹಿಡಿದುಕೊಂಡಳು. "ಅವ್ರು ನಿನ್ ಮಾತು ಕೇಳ್ತಾರಲ್ವಾ ಮಗಾ? ಒಂದ್ ಮಾತು ಹೇಳು. ಇವಳು ಬರದಿದ್ರೆ ನಾನು ಇವ್ರನ್ನ ಹೇಗೆ ತಿರುಗಿಸ್ಲಿ?"

"ಹೇಳ್ತೀನಿ ಅಜ್ಜಿ."

"ಹೇಳ್ತೀಯಾ?"

"ಹೌದು, ಹೇಳ್ತೀನಿ."

ಕೊನೆಯ ಮತದ ಹಿಂದಿನ ದಿನ ಶಾಸಕರು ಊರಿಗೆ ಬಂದಿದ್ದರು. ನಾನು ಡಬ್ಬಿ ತೆಗೆದುಕೊಂಡು ಹೋದಾಗ ಅವರು ಆಗಲೇ ಕುರ್ಚಿಯಲ್ಲಿದ್ದರು, ಮುಖದ ತುಂಬ ನೊರೆ. ಮಾವ ಒಂದು ಕೆನ್ನೆ ಮುಗಿಸಿದ್ದ. ನಾನು ಬೆಂಚಿನ ತುದಿಯಲ್ಲಿ ಕೂತೆ.

"ನಾಳೆ ಮತ," ಎಂದರು ಶಾಸಕರು. "ಮುಗಿಸೋವಾಗ ನಿನ್ ಮಾತೇ ಇನ್ನೊಂದ್ ಸಲ ಹೇಳ್ತೀನಿ. ಅದು ಎಲ್ಲರ ಬಾಯಲ್ಲೂ ಇದೆ ಕಣಯ್ಯ."

ಮಾವ ಬ್ಲೇಡನ್ನು ತೊಳೆದು, ಒರೆಸಿ, ಮೇಜಿನ ಮೇಲೆ ಇಟ್ಟ. ಅರ್ಧ ಮುಖದ ಕೆಲಸ ಬಿಟ್ಟು ಅವನು ಬ್ಲೇಡು ಕೆಳಗಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಆ ಮಾತು ಬೇಡ ಸಾರ್."

"ಯಾಕೋ?"

"ತಿಳೀದೆ ಹೇಳ್ದೆ ಸಾರ್. ನಮ್ಮಕ್ಕ ಮನೆಭೇಟಿ ಕೆಲ್ಸದಲ್ಲಿದ್ದಾಳೆ. ಅದನ್ನ ತೆಗೀತಾರಂತೆ. ಅವಳ ಕೆಲ್ಸ ಹೋದ್ರೆ ಹೋಗ್ಲಿ ಸಾರ್, ಅವಳು ಹೋಗೋ ಮನೆಗಳಲ್ಲಿ..." ಮಾವ ಎರಡೂ ಕೈಗಳನ್ನು ಅಂಗೈ ಮೇಲಾಗಿ ಮುಂದೆ ಚಾಚಿ, ಏನನ್ನೋ ಎತ್ತುವಂತೆ ತೋರಿಸಿದ. "ಎತ್ತೋರಿಲ್ಲ ಸಾರ್."

ಶಾಸಕರು ಸಿಟ್ಟಾಗಲಿಲ್ಲ. ಕನ್ನಡಿಯಲ್ಲಿ ಅವನನ್ನೇ ನೋಡಿದರು. ಅವರು ಕೆಟ್ಟವರಲ್ಲ. ಅವರ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪಿತ್ತು.

"ನನಗೆ ಗೊತ್ತು. ಅದನ್ನ ಉಳಿಸೋಕೆ ನೋಡ್ದೆ, ಆಗ್ಲಿಲ್ಲ. ಈಗ ನೀನೇ ಹೇಳು. ಅದನ್ನ ಉಳಿಸ್ಬೇಕು ಅಂದ್ರೆ ಬೇರೆ ಏನಾದ್ರೂ ತೆಗೀಬೇಕು. ಆಸ್ಪತ್ರೇಲಿ ಒಂದ್ ವಾರ್ಡ್ ಮುಚ್ಲಾ?"

"ಬೇಡ ಸಾರ್."

"ಶಾಲೆ ಮಕ್ಕಳ ಪುಸ್ತಕ ನಿಲ್ಲಿಸ್ಲಾ?"

"ಬೇಡ ಸಾರ್."

"ನೀರಿನ ಪೈಪು?"

ಅದೂ ಬೇಡವೆಂದು ಮಾವ ತಲೆಯಾಡಿಸಿದ.

"ಮತ್ತೆ? ಈ ಮಸೂದೆ ಬಿದ್ರೆ ಇವೆಲ್ಲಾ ಹೋಗುತ್ತೆ, ಜೊತೆಗೆ ಮನೆಭೇಟೀನೂ ಹೋಗುತ್ತೆ. ಒಟ್ಟು ನೋಡಿದ್ರೆ ಮಸೂದೆ ಸರಿಯಾಗಿದೆ ತಾನೆ?"

ಮಾವನ ಬಾಯಿ ತೆರೆದದ್ದು ನನಗೆ ಕಾಣಿಸಿತು. ಆಸ್ಪತ್ರೆ ಬೇಕಾಗಿತ್ತು, ಶಾಲೆ ಬೇಕಾಗಿತ್ತು, ಅದು ಅವನಿಗೆ ನಿಜವಾಗಿಯೂ ಗೊತ್ತಿತ್ತು. ಶಾಸಕರು ಕುರ್ಚಿಯಲ್ಲಿ, ಅರ್ಧ ನೊರೆಯ ಮುಖದಲ್ಲಿ, ಉತ್ತರಕ್ಕೆ ಕಾಯುತ್ತಿದ್ದರು. ನೊರೆ ಒಣಗತೊಡಗಿತ್ತು.

"ಹೌದು ಸಾರ್," ಎಂದ ಮಾವ.

ಅವನು ಬ್ಲೇಡು ತೆಗೆದುಕೊಂಡು ಇನ್ನೊಂದು ಕೆನ್ನೆ ಮುಗಿಸಿದ. ಪಟಿಕ ಉಜ್ಜಿದ. ಬಟ್ಟೆ ಬಿಚ್ಚಿ ಕೊಡವಿದ. ಶಾಸಕರು ಎದ್ದು ಅವನ ಭುಜದ ಮೇಲೆ ಕೈಯಿಟ್ಟು, "ನಿನ್ನಂಥೋರು ಅಪರೂಪ" ಎಂದು ಹೇಳಿ ಹೋದರು. ಅವರ ದನಿಯಲ್ಲಿ ಮೆಚ್ಚುಗೆ ಇತ್ತು. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವನು ಅದನ್ನು ತೆರೆಯಲಿಲ್ಲ.

"ನಿಮ್ಮಮ್ಮಂಗೆ ನೀನು ಹೇಳ್ಬೇಡ. ನಾನೇ ಹೇಳ್ತೀನಿ," ಎಂದ.

ಸಂಜೆ ಬಂದ, ಹೊಸ್ತಿಲ ಒಳಗೆ ಚಪ್ಪಲಿ ಬಿಡದೆ ನಿಂತೇ ಹೇಳಿದ. ಏನನ್ನೂ ಬಿಡಲಿಲ್ಲ. ಬೇಡ ಎಂದದ್ದು, ಅವರು ಕೇಳಿದ್ದು, ಕೊನೆಗೆ ತಾನು ಹೌದು ಎಂದದ್ದು. ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ನನಗೆ ಇನ್ನೇನು ಹೇಳ್ಬೇಕು ಅಂತ ತೋಚ್ಲಿಲ್ಲ ಅಕ್ಕಾ. ಮಸೂದೆ ತಪ್ಪು ಅನ್ನೋಕೂ ನನಗಾಗಲ್ಲ. ತಪ್ಪು ಅನ್ನಿಸಿದ್ರೆ ಸುಲಭವಾಗಿರ್ತಿತ್ತು."

"ನನಗೂ ಆಗಲ್ಲ," ಎಂದು ಅಮ್ಮ ನನ್ನ ಕಡೆ ನೋಡಿದಳು. "ಆ ಆಸ್ಪತ್ರೇಲೇ ನಾನು ಇವಳನ್ನ ಹೆತ್ತಿದ್ದು." ಸೆರಗಿನ ಅಂಚನ್ನು ಅಂಚಿಗೆ ಸೇರಿಸಿ ಸೀರೆ ಮಡಿಸಿಟ್ಟಳು. "ಆದ್ರೆ ನೀನು ನನ್ ಹೆಸ್ರು ಎತ್ತಬಾರ್ದಿತ್ತು ಅಲ್ಲಿ."

ಅವಳು ಹಾಗೇಕೆ ಹೇಳಿದಳೆಂದು ಮಾವನಿಗೆ ಆಗ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಮರುದಿನ ಟಿವಿಯಲ್ಲಿ ಅರ್ಥವಾಯಿತು. ಚರ್ಚೆಯ ಕೊನೆಗೆ ಶಾಸಕರು ಎದ್ದರು. ಕೂದಲು ಕಿವಿಯ ಮಾತು ಹೇಳಲಿಲ್ಲ. ಮಾವ ಕೇಳಿಕೊಂಡದ್ದನ್ನು ಅವರು ನಡೆಸಿಕೊಟ್ಟರು. ಬದಲಿಗೆ ಹೇಳಿದರು: "ಆ ಕ್ಷೌರಿಕನ ಸ್ವಂತ ಅಕ್ಕನ ಕೆಲಸ ಈ ಮಸೂದೆಯಿಂದ ಹೋಗುತ್ತಿದೆ. ನಿನ್ನೆ ಅವನನ್ನು ನಾನು ನೇರವಾಗಿ ಕೇಳಿದೆ. ಆದರೂ ಅವನು ಹೌದು, ಮಸೂದೆ ಸರಿ ಎಂದ. ಒಬ್ಬ ಸಾಮಾನ್ಯ ಮನುಷ್ಯ ಇಷ್ಟು ತ್ಯಾಗಕ್ಕೆ ಸಿದ್ಧನಿರುವಾಗ ನಾವು ಹಿಂಜರಿಯಬಹುದೇ?" ಆ ಕಡೆಯವರೂ ಈ ಕಡೆಯವರೂ ಮೇಜು ತಟ್ಟಿದರು. ತುಂಬ ಹೊತ್ತು ತಟ್ಟಿದರು.

ಅಮ್ಮ ಎದ್ದು ಒಲೆಯ ಮೇಲಿನ ಹಾಲು ನೋಡಲು ಹೋದಳು. ಮಾವ ನಮ್ಮ ಮನೆಯ ಕುರ್ಚಿಯಲ್ಲಿ ಕೂತಿದ್ದ. ಮಸೂದೆ ಪಾಸಾದದ್ದನ್ನು ಓದಿ ಹೇಳುವವರೆಗೂ ಅವನು ಅಲ್ಲಾಡಲಿಲ್ಲ. ತ್ಯಾಗ ಮಾಡಿದವರು ಯಾರು, ಮೇಜು ತಟ್ಟಿಸಿಕೊಂಡವರು ಯಾರು ಎಂದು ಅವನು ಅಂದು ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಚಹಾದಂಗಡಿಯವನು ಹೊಸದೊಂದು ಹೆಸರಿಟ್ಟು ತ್ಯಾಗರಾಜ ಎಂದು ಕೂಗಿದಾಗ, ನಮ್ಮ ಬೀದಿ ಮೊದಲ ಬಾರಿಗೆ ಮಾವನ ಸಿಟ್ಟನ್ನು ನೋಡಿತು. ಅವನು ರಸ್ತೆ ದಾಟಿ ಹೋಗಿ, ಚಹಾದವನ ಮುಖಕ್ಕೆ ಮುಖ ಕೊಟ್ಟು ನಿಂತು, ವಾಪಸು ಬಂದ. ಚಹಾದಂಗಡಿಯವನು ಆಮೇಲೆ ಅವನನ್ನು ಯಾವ ಹೆಸರಿನಿಂದಲೂ ಕೂಗಲಿಲ್ಲ.

ತಿಂಗಳು ಕಳೆಯುವ ಮೊದಲೇ ಮನೆಭೇಟಿ ನಿಂತಿತು. ಅಮ್ಮನಿಗೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸ ಸಿಕ್ಕಿತು, ಬೆಳಕು ಹರಿಯುವ ಮುಂಚೆ ಹೊರಡಬೇಕಿತ್ತು. ಅವಳು ಹೋದ ಮೊದಲ ಬೆಳಗ್ಗೆ ಮಾವ ಅಂಗಡಿ ತೆರೆಯಲಿಲ್ಲ. ನಮ್ಮ ಮನೆಗೆ ಬಂದು ಅಮ್ಮನ ಔಷಧಿ ಚೀಲ ಎಲ್ಲಿ ಎಂದು ಕೇಳಿದ. ನಾನು ಕೊಟ್ಟು ಅವನ ಜೊತೆಗೆ ನಡೆದೆ.

ಕಂಡಕ್ಟರ್ ಅಜ್ಜನ ಮನೆಯ ಬಾಗಿಲು ತೆರೆದ ಅಜ್ಜಿ ಅವನನ್ನು ನೋಡಿ ಪಕ್ಕಕ್ಕೆ ಸರಿಯಲಿಲ್ಲ.

"ಹೇಳ್ದೆಯಾ ಮಗಾ ಅವ್ರಿಗೆ?"

ಒಳಗಿನಿಂದ ಅಜ್ಜ ನರಳುವುದು ಕೇಳಿಸುತ್ತಿತ್ತು. ತಮಾಷೆಯ ಮಾತು ಬರಲಿಲ್ಲ. ಹೇಳಿದೆ ಎಂದುಬಿಡಬಹುದಿತ್ತು ಮಾವ, ಅದು ಸುಳ್ಳೂ ಆಗುತ್ತಿರಲಿಲ್ಲ.

"ಹೇಳ್ದೆ ಅಜ್ಜಿ. ಆಮೇಲೆ ಅವ್ರು ಕೇಳಿದ್ದಕ್ಕೆ ಒಪ್ಪಿಕೊಂಡುಬಿಟ್ಟೆ."

ಅಜ್ಜಿ ಅವನ ಮುಖ ನೋಡಿದಳು. ಅವನು ಮುಖ ಕೆಳಗೆ ಹಾಕಿ ಚೀಲದ ಪಟ್ಟಿ ಹಿಡಿದು ನಿಂತಿದ್ದ. ಇವನನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಅವಳು ಯೋಚಿಸುತ್ತಿದ್ದಳು, ಅಷ್ಟು ನನಗೆ ಕಾಣಿಸಿತು. ಒಳಗೆ ಅಜ್ಜ ಮತ್ತೊಮ್ಮೆ ನರಳಿದ.

"ರಾತ್ರಿಯಿಂದ ಒಂದೇ ಮಗ್ಗುಲಲ್ಲಿದ್ದಾರೆ," ಎಂದಳು ಅಜ್ಜಿ, ದನಿಯಲ್ಲಿ ಯಾವ ಪ್ರೀತಿಯೂ ಇಲ್ಲದೆ. "ಬಾ. ಭುಜದ ಕಡೆ ಹಿಡ್ಕೋ."